ಕೃಷಿ ಮೇಳದ ಮಳಿಗೆಯಲ್ಲಿ ನಿಲ್ಲೋ ಹುಡುಗರಿಗೆ ಏನೇನು ಹೇಳಿಕೊಡಬೇಕು?

ಹನಿಸಾಲು
ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಕೃಷಿ ಮೇಳಕ್ಕೆ ನಮ್ಮದೊಂದು ಮಳಿಗೆ ಇದೆ. ಅಳತೆ 3 ಮೀಟರ್‌ಗೆ 3 ಮೀಟರ್. ಡ್ರಿಪ್ ಪೈಪು, ಫಿಲ್ಟರ್, ಬ್ಯಾಟರಿ ಸ್ಪ್ರೇಯರ್ ಇಡ್ತೀವಿ. ನಾಲ್ಕು ದಿನಕ್ಕೆ ಐದು ಜನ: ಗೋಡೌನ್‌ನ ಮೂವರು ಹುಡುಗರು, ಬಿಲ್ಲಿಂಗ್ ನೋಡೋ ಹುಡುಗಿ, ತೋಟಕ್ಕೆ ಹೋಗಿ ಫಿಟ್ಟಿಂಗ್ ಮಾಡೋನು ಒಬ್ಬ. ಸಾಮಾನು ಎಲ್ಲರಿಗೂ ಗೊತ್ತು, ಜನರ ಮುಂದೆ ನಿಂತು ಮಾತಾಡಿ ಅಭ್ಯಾಸ ಇಲ್ಲ.
ಒಂದೇ ಸಲಕ್ಕೆ ಎಷ್ಟು ಜನ ನಿಲ್ಲಬೇಕು? ಕುರ್ಚಿ ಇಡಬೇಕಾ? ಬೆಲೆ ಕೇಳಿದ್ರೆ ಹೇಳಬೇಕಾ? ನಂಬರ್ ಬರ್ಕೊಳ್ಳೋದು ಹೇಗೆ? "ನಗುನಗುತ್ತಾ ಮಾತಾಡಿ" ಅನ್ನೋದನ್ನ ನಾನೇ ಹೇಳ್ತೀನಿ. ಅದು ಬಿಟ್ಟು ಕೈಗೆ ಹತ್ತೋ ಅಂಥದ್ದು ತಿಳಿಸಿ.

ಗುಂಟೆಲೆಕ್ಕ
ಜಾಗದಿಂದ ಶುರು ಮಾಡಿ. 9 ಚದರ ಮೀಟರ್ ಅಂದ್ರೆ ಕಾಗದದ ಮೇಲೆ ದೊಡ್ಡದು. 6 ಅಡಿ ಮೇಜು, ಫಿಲ್ಟರ್ ಸ್ಟ್ಯಾಂಡು, ಪೈಪಿನ ಸುರುಳಿ ಇಟ್ಟ ಮೇಲೆ ಕಾಲಿಡೋಕೆ ಅರ್ಧ ಉಳಿದ್ರೆ ಹೆಚ್ಚು. ನಿಮ್ಮೋರು ಒಳಗೆ ಇಬ್ಬರು, ದಾರಿ ಕಡೆ ಒಬ್ಬ, ಒಟ್ಟು ಮೂವರು ಸಾಕು. ಐದೂ ಜನ ನಿಂತ್ರೆ ಮಳಿಗೆ ತುಂಬಿದಂಗೆ ಕಾಣುತ್ತೆ, ರೈತ ಒಳಗೆ ಬರೋದೇ ಇಲ್ಲ.

ಬೆಳಿಗ್ಗೆ 9ರಿಂದ ಸಂಜೆ 6 ಅಂತ ಇಟ್ಕೊಳ್ಳಿ. 9 ಗಂಟೆ, ಮೂರು ಜಾಗ, 27 ಗಂಟೆ ಕೆಲಸ. ಐದು ಜನಕ್ಕೆ ಹಂಚಿದ್ರೆ ತಲೆಗೆ ಐದೂವರೆ ಗಂಟೆಗಿಂತ ಕಮ್ಮಿ ಬರುತ್ತೆ. ಎರಡು ಗಂಟೆ ನಿಂತೋನು ಒಂದು ಗಂಟೆ ಹೊರಗೆ ಹೋಗ್ಲಿ. ಮೂರನೇ ಗಂಟೆಗೆ ಗಂಟಲು ಕಟ್ಟುತ್ತೆ, ಉತ್ತರ ಚಿಕ್ಕದಾಗುತ್ತೆ, ಅದು ಎದುರಿಗಿರೋರಿಗೆ ಸಿಡುಕು ಅಂತ ಅನ್ನಿಸುತ್ತೆ. ಚೀಟಿಯಲ್ಲಿ ಹೆಸರು, ಗಂಟೆ ಬರೆದು ಮೇಜಿನ ಒಳಗಡೆ ಅಂಟಿಸಿ. ಬಾಯಲ್ಲಿ ಹೇಳಿದ ಪಾಳಿ ಮಧ್ಯಾಹ್ನದ ಹೊತ್ತಿಗೆ ಕಲಸಿಹೋಗಿರುತ್ತೆ.

ಮೇಜನ್ನ ಅಂಗಡಿ ಗಲ್ಲಾಪೆಟ್ಟಿಗೆ ಥರ ಮುಂದೆ ಅಡ್ಡ ಇಡಬೇಡಿ. ಪಕ್ಕದ ಗೋಡೆಗೆ ಸರಿಸಿ. ಮುಂದಿನ ಎರಡು ಮೂಲೆಯಲ್ಲಿ ಒಬ್ಬೊಬ್ಬರು, ಮಧ್ಯ ಖಾಲಿ. ಮುಖ್ಯವಾದ್ದು: ನಿಮ್ಮೋರು ನಿಮ್ಮೋರೇ ಎದುರು ಬದುರು ನಿಂತು ಮಾತಾಡಬಾರದು. "ಏನೋ ಮಾತಾಡ್ತಾ ಇದಾರೆ, ಯಾಕೆ ಅಡ್ಡ ಹೋಗೋದು" ಅಂತ ಹಳ್ಳಿಯೋರು ಸುಮ್ಮನೆ ಮುಂದೆ ಹೋಗಿಬಿಡ್ತಾರೆ.

ಬಿಸಿಲುಬೆಟ್ಟ
ಕುರ್ಚಿ ಬೇಡವೇ ಬೇಡ. ಕುರ್ಚಿ ಕಂಡ್ರೆ ಕೂರ್ತಾರೆ, ಕೂತ್ರೆ ಮೊಬೈಲ್ ತೆಗೀತಾರೆ. ಅಲ್ಲಿಗೆ ಮುಗೀತು.

ಕೆಂಪುಮಣ್ಣು
@ಬಿಸಿಲುಬೆಟ್ಟ ಅದು ಹೋಟೆಲ್ ಹಾಲ್‌ನಲ್ಲಿ ನಡೆಯೋ ಪ್ರದರ್ಶನದ ನಿಯಮ. ಇಲ್ಲಿಗೆ ಬರೋರು ಬೆಳಗಿನ ಜಾವ ಬಸ್ ಹತ್ತಿ, ಪ್ರಾತ್ಯಕ್ಷಿಕೆ ತಾಕು ಎಲ್ಲಾ ಸುತ್ತಿ, ಬಿಸಿಲಲ್ಲಿ ನಡೆದು ಬಂದಿರ್ತಾರೆ. ಅರವತ್ತು ದಾಟಿದೋರೂ ಇರ್ತಾರೆ. ಎರಡು ಕುರ್ಚಿ ಬೇಕೇ ಬೇಕು, ಬಂದೋರಿಗೆ. ಒಂದು 20 ಲೀಟರ್ ನೀರಿನ ಕ್ಯಾನು, ಲೋಟ. ಕೂರಿಸಿ ನೀರು ಕೊಟ್ಟ ಮೇಲೆ ಅವರೇ ತಮ್ಮ ಹೊಲದ ಮಾತು ತೆಗೀತಾರೆ, ನೀವು ಏನೂ ಕೇಳಬೇಕಾಗಲ್ಲ.
ನಿಮ್ಮೋರಿಗೆ ಹಿಂದೆ ಮೂಲೆಯಲ್ಲಿ ಒಂದು ಎತ್ತರದ ಸ್ಟೂಲ್ ಇರಲಿ. ಕಾಲು ನೋವು ಎಲ್ಲರಿಗೂ ಬರುತ್ತೆ.

ಬಿಸಿಲುಬೆಟ್ಟ
ಬಂದೋರಿಗೆ ಅಂದ್ರೆ ಒಪ್ಪಿದೆ. ಆದ್ರೆ ಆ ಕುರ್ಚಿ ಮೇಲೆ ಬ್ಯಾಗು, ಜರ್ಕಿನ್ ಇಡದಂಗೆ ನೋಡ್ಕೊಳ್ಳಿ. ಸಾಮಾನೆಲ್ಲಾ ಮೇಜಿನ ಕೆಳಗೆ, ಬಟ್ಟೆ ನೆಲ ಮುಟ್ಟೋ ಹಾಗೆ ಇಳಿಬಿಡಿ.

ಲೇತ್‌ಮನೆ
ನಮ್ಮದು ಯಂತ್ರೋಪಕರಣ ವಿಭಾಗ. ತುಮಕೂರು ರಸ್ತೆ ಬಿಐಇಸಿಯಲ್ಲಿ ಇಮ್ಟೆಕ್ಸ್‌ನಂಥ ಮೇಳಕ್ಕೆ ತರಬೇತಿ ಕೊಡುವಾಗ ಹೇಳೋದು ಇಷ್ಟೇ: ಮೊದಲ ಪ್ರಶ್ನೆಗೆ "ಹೌದು", "ಇಲ್ಲ" ಅಂತ ಉತ್ತರ ಬರಬಾರದು. "ಏನಾದ್ರೂ ಬೇಕಾಗಿತ್ತಾ ಸರ್" ಅಂದ್ರೆ "ಇಲ್ಲ, ಸುಮ್ನೆ ನೋಡ್ತಿದೀನಿ" ಅಂತಾರೆ. "ಯಾವ ಪಾರ್ಟ್ ಮಾಡ್ತೀರಿ, ಯಾವ ಮೆಟೀರಿಯಲ್" ಅಂತ ಕೇಳಿದ್ರೆ ಮಾತು ಬೆಳೆಯುತ್ತೆ. ಆಮೇಲೆ ಬೆಲೆ ಮಾತ್ರ ಮಳಿಗೆಯಲ್ಲಿ ಹೇಳಬಾರದು. ಕೊಟೇಶನ್ ಆಫೀಸಿಂದ ಹೋಗಬೇಕು.

ರಾಗಿಹೊಲ
ಮೊದಲ ಮಾತು ಸರಿ. ಇಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆ: ಯಾವ ಊರು, ಏನು ಬೆಳೆ, ಎಷ್ಟು ಎಕರೆ, ನೀರು ಎಷ್ಟು. ಇದೇ ವರಸೆಯಲ್ಲಿ. ಊರು ಮೊದಲು ಕೇಳಿದ್ರೆ ಮಾತಿಗೆ ದಾರಿ ಆಗುತ್ತೆ. ನೀರು ಮೊದಲೇ ಕೇಳಿದ್ರೆ ಲೆಕ್ಕ ಹಾಕೋಕೆ ಬಂದ ಅಧಿಕಾರಿ ಥರ ಇರುತ್ತೆ.

ಬೆಲೆ ವಿಷಯದಲ್ಲಿ ಒಪ್ಪಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಯಂತ್ರ ಕೊಳ್ಳೋರಿಗೆ ಕೊಟೇಶನ್ ಅಭ್ಯಾಸ ಇದೆ. ರೈತರು ಕೇಳೋ ಮೊದಲನೇ ಪ್ರಶ್ನೇನೇ "ಎಕರೆಗೆ ಎಷ್ಟಾಗುತ್ತೆ". "ಆಮೇಲೆ ಫೋನ್ ಮಾಡ್ತೀವಿ" ಅಂದ್ರೆ ಏನೋ ಮುಚ್ಚಿಡ್ತಿದಾರೆ ಅಂತಲೇ ಅರ್ಥ.

ಲೇತ್‌ಮನೆ
ಒಂದು ಅಂಕಿ ಹೇಳಿದ್ರೆ ಅದೇ ಹಿಡ್ಕೊಂಡು ಬರ್ತಾರಲ್ಲ. ಹೊಲಕ್ಕೆ ಹೋಗಿ ಅಳತೆ ಮಾಡಿದ ಮೇಲೆ ಜಾಸ್ತಿ ಆದ್ರೆ "ಮೇಳದಲ್ಲಿ ಇಷ್ಟು ಅಂದಿದ್ರಿ" ಅಂತ ಜಗಳ. ಅದನ್ನ ಯಾರು ಹೊರ್ತಾರೆ?

ಗುಂಟೆಲೆಕ್ಕ
ಅದಕ್ಕೇ ಅಂಕಿ ಹೇಳಬಾರದು, ಲೆಕ್ಕ ತೋರಿಸಬೇಕು. ಇದನ್ನ ಹುಡುಗರಿಗೆ ಕಲಿಸಿದ್ರೆ ಅರ್ಧ ಕೆಲಸ ಆದಂಗೆ. ಒಂದು ದೊಡ್ಡ ನೋಟ್‌ಬುಕ್, ಸ್ಕೆಚ್ ಪೆನ್ನು ಸಾಕು. ರೈತರು ಪಕ್ಕದಲ್ಲಿ ಕೂತು ನೋಡೋ ಹಾಗೆ ಬರೀರಿ.

ಒಂದು ಎಕರೆ 43,560 ಚದರ ಅಡಿ. ಸಾಲಿಂದ ಸಾಲಿಗೆ 4 ಅಡಿ ಅಂದ್ರೆ 10,890 ಅಡಿ ಪೈಪು, ಸುಮಾರು 3,320 ಮೀಟರ್. 40 ಸೆಂಟಿಮೀಟರ್‌ಗೆ ಒಂದು ಡ್ರಿಪ್ಪರ್ (ನೀರು ಹನಿಯೋ ಬಾಯಿ) ಇದ್ರೆ 8,300 ಡ್ರಿಪ್ಪರ್. ಗಂಟೆಗೆ 4 ಲೀಟರ್‌ನದ್ದು ಹಾಕಿದ್ರೆ ಗಂಟೆಗೆ 33,200 ಲೀಟರ್ ಬೇಕು. ಬೋರ್ ಗಂಟೆಗೆ 8,000 ಲೀಟರ್ ಕೊಡೋದಾದ್ರೆ ಒಂದೇ ಸಲಕ್ಕೆ ಓಡಲ್ಲ. ಐದು ಭಾಗ ಮಾಡಿ ಐದು ವಾಲ್ವ್ ಕೂರಿಸಬೇಕು. ಗಂಟೆಗೆ 2 ಲೀಟರ್‌ನದ್ದು ಹಾಕಿದ್ರೆ ಮೂರು ಭಾಗ ಸಾಕು.

ಇದನ್ನ ಕಣ್ಣ ಮುಂದೆ ಹಾಕಿ ತೋರಿಸಿ, ಕೊನೆಯಲ್ಲಿ "ಇಷ್ಟರಿಂದ ಇಷ್ಟು" ಅಂತ ಎರಡು ಅಂಕಿ ಬರೀರಿ. ಕೆಳಗೆ ಮೂರು ಮಾತು: ಸಾಲಿನ ಅಂತರ ಬದಲಾದ್ರೆ, ಬೋರ್‌ನಿಂದ ಹೊಲದ ದೂರ ಜಾಸ್ತಿ ಆದ್ರೆ, ಸ್ಯಾಂಡ್ ಫಿಲ್ಟರ್ ಬೇಕಾದ್ರೆ ಬೆಲೆ ಬದಲಾಗುತ್ತೆ. ಆ ಹಾಳೆ ಹರಿದು ರೈತರ ಕೈಗೆ ಕೊಡಿ, ಅದರ ಫೋಟೋ ನಿಮ್ಮ ಹತ್ತಿರ ಇರಲಿ. ಆಮೇಲೆ ಯಾರೂ ಬಂದು "ಹೀಗಂದಿದ್ರಿ" ಅನ್ನಲ್ಲ. ಅಂದ್ರೂ ಹಾಳೆ ಮಾತಾಡುತ್ತೆ.

ನೀರಿನತೂಬು
ಲೆಕ್ಕಕ್ಕೆ ಎರಡು ತಿದ್ದುಪಡಿ. ಒಂದು, ಬದು, ಓಡಾಡೋ ದಾರಿ, ತುದಿಯಲ್ಲಿ ಬಿಡೋ ಜಾಗ ಕಳೆದ್ರೆ ಪೈಪು 3,320 ಮೀಟರ್ ಬರಲ್ಲ, 3,000ದ ಆಸುಪಾಸು ಬರುತ್ತೆ. ಹೇಳುವಾಗ ಜಾಸ್ತಿ ಹೇಳಿ ಬಿಲ್ಲಲ್ಲಿ ಕಮ್ಮಿ ಆದ್ರೆ ತೊಂದರೆ ಇಲ್ಲ, ಸರಿ.

ಎರಡನೇದು ದೊಡ್ಡದು. "ನೀರು ಎಷ್ಟಿದೆ" ಅಂದ್ರೆ "ಎರಡು ಇಂಚು" ಅಂತಾರೆ. ಆ ಇಂಚು ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಕೆಲವರಿಗೆ ಪೈಪಿನ ಸೈಜು, ಕೆಲವರಿಗೆ ಬೋರ್ ಕೊರೆದ ದಿನ ಏಜೆಂಟ್ ಹೇಳಿದ ಮಾತು. ಅದನ್ನ ನಂಬಿ ಲೆಕ್ಕ ಹಾಕಿದ್ರೆ ಬೇಸಿಗೆಯಲ್ಲಿ ಕೊನೇ ಸಾಲಿಗೆ ನೀರು ಹೋಗಲ್ಲ, ಬೈಗುಳ ಕಂಪನಿಗೆ. "ಯಜಮಾನ್ರೇ, 200 ಲೀಟರ್ ಡ್ರಮ್ ತುಂಬೋಕೆ ಎಷ್ಟು ಹೊತ್ತಾಗುತ್ತೆ" ಅಂತ ಕೇಳಿ. ಒಂದೂವರೆ ನಿಮಿಷ ಅಂದ್ರೆ ಗಂಟೆಗೆ 8,000 ಲೀಟರ್. ಎರಡು ನಿಮಿಷ ಅಂದ್ರೆ 6,000. ಗೊತ್ತಿಲ್ಲ ಅಂದ್ರೆ ಮನೆಗೆ ಹೋಗಿ ನೋಡಿ ಹೇಳ್ಲಿ. ಮೋಟರ್ ಹಾಕಿದ ತಕ್ಷಣ ಅಳೀಬಾರದು, ಅರ್ಧ ಗಂಟೆ ಓಡಿದ ಮೇಲೆ ಅಳೀಬೇಕು ಅನ್ನೋದನ್ನೂ ಹೇಳಿ ಕಳಿಸಿ.

ಕರೆಂಟ್ ಲೆಕ್ಕವೂ ಹಾಗೇ. 7 ಗಂಟೆ ತ್ರೀ ಫೇಸ್ ಅಂತ ಇದ್ರೂ ಪೂರ್ತಿ 7 ಗಂಟೆ ಇಟ್ಕೊಂಡು ಭಾಗ ಮಾಡಬೇಡಿ.

ಹನಿಸಾಲು
ಇದು ಬಹಳ ಉಪಯೋಗ ಆಯ್ತು. ನಾಲ್ಕು ಸಾಲಿನ ಅಂತರಕ್ಕೆ (3, 4, 5, 6 ಅಡಿ) ಒಂದೊಂದು ಲೆಕ್ಕದ ಹಾಳೆ ಮಾಡಿ ಹುಡುಗರ ಕೈಗೆ ಕೊಡ್ತೀನಿ. ಸಬ್ಸಿಡಿ ಕೇಳಿದ್ರೆ? ಅದು ಕೇಳದೇ ಇರೋರೇ ಇಲ್ಲ.

ಕಡತಕಟ್ಟು
ಸಬ್ಸಿಡಿ ವಿಷಯದಲ್ಲಿ ಬಾಯಿ ಬಿಗಿ ಇರಲಿ. ಕೇಂದ್ರದ ಮಾರ್ಗಸೂಚಿಯಲ್ಲಿ ಸಣ್ಣ, ಅತಿ ಸಣ್ಣ ರೈತರಿಗೆ ಶೇ. 55, ಉಳಿದೋರಿಗೆ ಶೇ. 45. ಅದರ ಮೇಲೆ ರಾಜ್ಯ ಸೇರಿಸೋದು ಬೇರೆ, ಅದು ಬಜೆಟ್ಟು, ಬೆಳೆ, ಎಕರೆ ನೋಡ್ಕೊಂಡು ನಡೆಯುತ್ತೆ. ಮಳಿಗೆಯಲ್ಲಿ ನಿಂತೋರು ಮಾಡೋ ದೊಡ್ಡ ತಪ್ಪು ಅಂದ್ರೆ "ಬಿಲ್ಲಿನ ಮೇಲೆ ಇಷ್ಟು ಪರ್ಸೆಂಟ್ ವಾಪಸ್ ಬರುತ್ತೆ" ಅನ್ನೋದು. ಶೇಕಡಾ ಹಾಕೋದು ಇಲಾಖೆ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ, ನಿಮ್ಮ ಬಿಲ್ಲಿನ ಮೇಲಲ್ಲ. ಬಿಲ್ಲು ಜಾಸ್ತಿ ಇದ್ರೆ ಆ ವ್ಯತ್ಯಾಸ ರೈತರ ಜೇಬಿಂದಲೇ.

ಹೇಳಬೇಕಾದ್ದು: ಹೊಲದ ಬೆಳೆ ಆದ್ರೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಹಣ್ಣು ತರಕಾರಿ ಅಡಿಕೆ ತೆಂಗು ಆದ್ರೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆ ಆದ್ರೆ ರೇಷ್ಮೆ ಇಲಾಖೆ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇದೆಯಾ ಅಂತ ಕೇಳಿ. ಇಲ್ಲದಿದ್ರೆ ಮೊದಲು ಅದು ಮಾಡಿಸ್ಕೊಳ್ಳಿ ಅನ್ನಿ. "ನಾವೇ ಎಲ್ಲಾ ಮಾಡಿಸ್ಕೊಡ್ತೀವಿ, ಆಧಾರ್ ಜೆರಾಕ್ಸ್ ಕೊಡಿ" ಅಂತ ಮೇಳದಲ್ಲಿ ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ಇಸ್ಕೊಳ್ಳಲೇಬೇಡಿ. ಆ ಗದ್ದಲದಲ್ಲಿ ಒಂದು ಹಾಳೆ ಕಳೆದ್ರೂ ಹೊಣೆ ನಿಮ್ಮದೇ.

ಮತ್ತೆ "ಫ್ರೀ" ಅನ್ನೋ ಪದ ಬ್ಯಾನರ್‌ನಲ್ಲೂ ಬೇಡ, ಬಾಯಲ್ಲೂ ಬೇಡ.

ಕೆಂಪುಮಣ್ಣು
ಐಎಸ್‌ಐ ಮುದ್ರೆ ಕೇಳೋರೂ ಬರ್ತಾರೆ. ಇನ್‌ಲೈನ್ ಪೈಪಿಗೆ (ಡ್ರಿಪ್ಪರ್ ಒಳಗೇ ಇರೋದು) ಐಎಸ್ 13488, ಬರೀ ಲ್ಯಾಟರಲ್ ಪೈಪಿಗೆ ಐಎಸ್ 12786. ಪೈಪಿನ ಮೇಲೆ ಅದು ಎಲ್ಲಿ ಅಚ್ಚಾಗಿದೆ ಅಂತ ಬೆರಳಿಟ್ಟು ತೋರಿಸೋಕೆ ಹುಡುಗರಿಗೆ ಬರಬೇಕು. ಪ್ರದರ್ಶನಕ್ಕೆ ಕತ್ತರಿಸಿಟ್ಟ ತುಂಡಿನಲ್ಲಿ ಆ ಅಕ್ಷರ ಇರೋ ಭಾಗವೇ ಬರಲಿ. ಎಷ್ಟೋ ಮಳಿಗೆಯಲ್ಲಿ ಅಚ್ಚಿಲ್ಲದ ತುಂಡು ಇಟ್ಟಿರ್ತಾರೆ, ಕೇಳಿದಾಗ ತಡಬಡಾಯಿಸ್ತಾರೆ.

ಧಾರವಾಡದಾಂವ
ನಮ್ಮ ಕಡೆ ಮ್ಯಾಳಕ್ಕ ಬರೂದಿದ್ರ ಇನ್ನೊಂದಿಷ್ಟು ತಿಳ್ಕೊಳ್ರಿ. ಧಾರವಾಡ ಕೃಷಿ ಮ್ಯಾಳ ಸಪ್ಟೆಂಬರ್‌ದಾಗ ಆಗ್ತದ, ಮಳಿ ಹಿಡೀತಂದ್ರ ರಾಡಿನs ರಾಡಿ. ಬಂದಾವ್ರು ರಾಡಿಗಾಲಿಲೆ ಒಳಗ ಬರ್ತಾರ. ಮಾರಿ ಕಿವಿಚಬ್ಯಾಡ್ರಿ. ಬಾಗಲದಾಗ ಎರಡು ಗೋಣಿಚೀಲ ಹಾಸ್ರಿ, ತಾಸಿಗೊಮ್ಮೆ ಝಾಡಸ್ರಿ.

ಕರೆಯೂದು ಹೆಂಗ ಅನ್ನೂದು ದೊಡ್ಡ ಮಾತು. "ಅಂಕಲ್", "ಆಂಟಿ" ಬ್ಯಾಡ. ನಮ್ಮ ಕಡೆ "ಬರ್ರಿ ಯಜಮಾನ್ರ", "ಕಾಕಾರ", "ಅಕ್ಕಾರ", "ಬರ್ರಿ ತಾಯಿ". ಅವರು "ನೀ" ಅಂತ ಏಕವಚನದಾಗ ಮಾತಾಡಿಸಿದ್ರೂ ಸಿಟ್ಟಿಗೇಳಬಾರದು, ಅದು ಸಲಿಗಿ. ನೀವು ಮಾತ್ರ ಬಹುವಚನ ಬಿಡಬ್ಯಾಡ್ರಿ. ಇಲ್ಲಾಂದ್ರ "ನಿನ್ನೆ ಮೊನ್ನೆ ಹುಡುಗ, ನನಗ ಏಕವಚನ ಅಂತಾನ" ಅಂತ ಹೋಗಿಬಿಡ್ತಾರ, ಮತ್ತ ತಿರುಗಿ ನೋಡಂಗಿಲ್ಲ.

ಅರ್ಧಾ ಇಂಗ್ಲಿಷ್‌ನ್ಯಾಗ ಮಾತಾಡೂದೂ ಬಿಡ್ರಿ. ಡ್ರಿಪ್ಪು, ಫಿಲ್ಟರ್, ವಾಲ್ವ್ ಎಲ್ಲಾರಿಗೂ ಗೊತ್ತದ. "ಯೂನಿಫಾರ್ಮಿಟಿ", "ಎಫಿಷಿಯನ್ಸಿ" ಯಾಕ ಬೇಕು? "ಮೊದಲಿನ ಗಿಡಕ್ಕೂ ಕಡೀ ಗಿಡಕ್ಕೂ ಒಂದs ಸಮ ನೀರು ಬೀಳ್ತದ" ಅಂದ್ರ ಆತು.

ರಾಗಿಹೊಲ
ಈ ಕಡೆ "ಅಣ್ಣಾ", "ಯಜಮಾನ್ರೇ", "ಅಮ್ಮಾ" ನಡೆಯುತ್ತೆ. "ಸರ್" ಅಂದ್ರೂ ತಪ್ಪಿಲ್ಲ, ಸ್ವಲ್ಪ ದೂರ ಅನ್ನಿಸುತ್ತೆ ಅಷ್ಟೇ.

ಹಿಪ್ಪುನೇರಳೆ
ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಿಲ್ಲ. ಗಂಡ ಹೆಂಡತಿ ಬಂದ್ರೆ ಮಳಿಗೆಯೋರು ಗಂಡನ ಮುಖ ನೋಡ್ಕೊಂಡೇ ಮಾತಾಡ್ತಾರೆ. ಕಳೆ ಕೀಳೋರು, ಸೊಪ್ಪು ಕುಯ್ಯೋರು, ಹಸು ನೋಡ್ಕೊಳ್ಳೋರು ಯಾರು? ಎಷ್ಟೋ ಮನೆಯಲ್ಲಿ ಆ ಸ್ಪ್ರೇಯರ್‌ನ ಬೆನ್ನಿಗೆ ಹಾಕ್ಕೊಳ್ಳೋರೂ ಅವರೇ. 16 ಲೀಟರ್ ಟ್ಯಾಂಕ್ ಪೂರ್ತಿ ತುಂಬಿದ್ರೆ ನೀರೇ 16 ಕೆಜಿ, ಮೇಲೆ ಯಂತ್ರ, ಬ್ಯಾಟರಿ 5-6 ಕೆಜಿ. ಇಪ್ಪತ್ತರ ಮೇಲೆ ಆಯ್ತು. ಖಾಲಿ ಟ್ಯಾಂಕ್ ಎತ್ತಿ "ನೋಡಿ ಎಷ್ಟು ಹಗುರ" ಅನ್ನೋದು ಮೋಸ. ನೀರು ತುಂಬಿದ್ದನ್ನ ಅವರ ಬೆನ್ನಿಗೇ ಹಾಕಿ, ಪಟ್ಟಿ ಅವರ ಅಳತೆಗೆ ಸರಿ ಮಾಡಿ, ನಾಲ್ಕು ಹೆಜ್ಜೆ ನಡೆಸಿ. ಭಾರ ಆಯ್ತು ಅಂದ್ರೆ ಅರ್ಧ ತುಂಬಿಸಿ ಹೊಡೆಯೋದು ಅಥವಾ ಸಣ್ಣ ಟ್ಯಾಂಕಿಂದು ತೋರಿಸಿ. ಪಟ್ಟಿ ಸರಿ ಮಾಡೋಕೆ ನಿಮ್ಮ ಹುಡುಗಿ ಇರಲಿ, ಹುಡುಗರು ಕೈ ಹಾಕೋದು ಬೇಡ.

ಆ ಬಿಲ್ಲಿಂಗ್ ಹುಡುಗಿ ಬಗ್ಗೆಯೂ ಹೇಳ್ತೀನಿ. ಬಾಗಿಲಲ್ಲಿ ನಿಲ್ಲಿಸಿ ಪಾಂಪ್ಲೆಟ್ ಹಂಚೋಕೆ ಹಾಕಬೇಡಿ. ಲೆಕ್ಕ ಅವಳ ಕೈಲೇ ಇದೆ, ಎಕರೆ ಲೆಕ್ಕದ ನೋಟ್‌ಬುಕ್ ಅವಳಿಗೇ ಕೊಡಿ. ಎದೆ ಮೇಲಿನ ಬ್ಯಾಡ್ಜ್‌ನಲ್ಲಿ ಹೆಸರು ಮಾತ್ರ, ನಂಬರ್ ಕಂಪನಿದು. ಸ್ವಂತ ನಂಬರ್ ಯಾರಿಗೂ ಕೊಡೋ ಹಾಗಿಲ್ಲ ಅಂತ ಮೊದಲೇ ನಿಯಮ ಮಾಡಿ. ಆಗ ಅವಳು "ಕಂಪನಿ ನಿಯಮ" ಅಂತ ಹೇಳಬಹುದು. ಶೌಚಾಲಯ ದೂರ ಇರುತ್ತೆ, ಸಾಲು ಇರುತ್ತೆ. ಬಿಡುವಿನ ಸಮಯ ಕೊಡುವಾಗ ಅದನ್ನೂ ಸೇರಿಸಿ ಕೊಡಿ. ಸಂಜೆ ಮಳಿಗೆ ಮುಚ್ಚುವಾಗ ಒಬ್ಬಳನ್ನೇ ಬಿಡಬೇಡಿ.

ಹನಿಸಾಲು
ಅಕ್ಕಾ, ಸರಿಯಾಗಿ ಹೇಳಿದ್ರಿ. ಪಾಂಪ್ಲೆಟ್‌ಗೆ ಅವಳನ್ನೇ ಹಾಕೋಣ ಅಂದ್ಕೊಂಡಿದ್ದೆ. ಬದಲಾಯಿಸ್ತೀನಿ.

ಬಿಸಿಲುಬೆಟ್ಟ
ಪಾಂಪ್ಲೆಟ್ ಹೋದ ಬಂದೋರ ಕೈಗೆಲ್ಲಾ ತುರುಕೋದೇ ತಪ್ಪು. ಹತ್ತು ಹೆಜ್ಜೆ ಆಚೆ ನೆಲದ ಮೇಲೆ ಬಿದ್ದಿರುತ್ತೆ. ಮಾತಾಡಿದೋರಿಗೆ ಮಾತ್ರ ಕೊಡಿ, ಅದೂ ಅವರ ಬೆಳೆಗೆ ಸಂಬಂಧಪಟ್ಟ ಪುಟ ಮಡಚಿ, ಮಾತಾಡಿದೋನ ಹೆಸರು ಬರೆದು.

ಕೆಂಪುಮಣ್ಣು
ಮತ್ತೆ ಅಕ್ಷರ ದೊಡ್ಡದಿರಲಿ. ಕನ್ನಡಕ ತರದೇ ಬಂದಿರ್ತಾರೆ.

ಧಾರವಾಡದಾಂವ
ಕಾಲೇಜು ಹುಡುಗೂರು ಗುಂಪು ಕಟ್ಕೊಂಡು ಬರ್ತಾರ, ಚೀಲ ಚೀಲ ಪಾಂಪ್ಲೆಟ್ ಒಯ್ತಾರ. ಅವರನ್ನ ಅಟ್ಟಬ್ಯಾಡ್ರಿ. ನಾಳೆ ಅವರs ಕೃಷಿ ಅಧಿಕಾರಿ. ಆದ್ರ ರೈತರು ಕಾಯಾಕತ್ತಿದ್ರ "ಮಧ್ಯಾಹ್ನ ಊಟದ ಮ್ಯಾಲ ಬರ್ರಿ ತಮ್ಮಾ, ಎಲ್ಲಾ ಬಿಚ್ಚಿ ತೋರಸ್ತೀವಿ" ಅಂತ ಹೇಳ್ರಿ. ಹೇಳಿದ ಮ್ಯಾಲ ತೋರಸ್ರಿ ಮತ್ತ.

ಅಡಿಕೆತೋಟ
ಸ್ಪ್ರೇಯರ್ ಇಡ್ತೀರಿ ಅಂದ್ರಲ್ಲ, ಮಲೆನಾಡಿನೋರು ಬಂದ್ರೆ "ಬೋರ್ಡೋ (ಅಡಿಕೆ ಕೊಳೆರೋಗಕ್ಕೆ ಹೊಡೆಯೋ ದ್ರಾವಣ) ಹೊಡೀತೀರಾ" ಅಂತ ಕೇಳಿಯೇ ಮುಂದೆ ಹೋಗಿ ಮಾರಾಯ್ರೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಕಬ್ಬಿಣ ತಿನ್ನುತ್ತೆ, ಸುಣ್ಣದ ಕಸ ನಾಜಲ್ ಕಟ್ಟುತ್ತೆ. ಬಟ್ಟೆಯಲ್ಲಿ ಸೋಸಬೇಕು, ಹೊಡೆದ ಮೇಲೆ ಬರೀ ನೀರು ತುಂಬಿ ಪೂರ್ತಿ ಓಡಿಸಬೇಕು. ಇದು ಹೇಳದೆ ಮಾರಿದ್ರೆ ಒಂದೇ ಮಳೆಗಾಲಕ್ಕೆ ಪಂಪು ವಾಪಸ್ ಬರುತ್ತೆ.

ಇನ್ನೊಂದು, ಹನಿಸಾಲು ಅವರಿಗಲ್ಲ, ಓದ್ತಿರೋ ಬೇರೆ ಮಳಿಗೆಯೋರಿಗೆ. ಕಾರ್ಬನ್ ಫೈಬರ್ ದೋಟಿ (ಅಡಿಕೆ ಕೊನೆ ಕುಯ್ಯೋ ಉದ್ದದ ಕೋಲು) ಮಾರೋರು ಅದರ ಹಗುರ, ಉದ್ದ ಮಾತ್ರ ಹೇಳ್ತಾರೆ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತೆ. ತೋಟದ ಮೇಲೆ ಲೈನ್ ಹೋಗಿದ್ರೆ ಜೀವಕ್ಕೇ ಅಪಾಯ. ಗ್ರಾಹಕರು ಕೇಳದಿದ್ರೂ ಮೊದಲ ಎರಡು ನಿಮಿಷದಲ್ಲೇ ಹೇಳಬೇಕಾದ ಮಾತು ಇದು. ಮೇಳದಲ್ಲಿ ಬಿಚ್ಚಿ ತೋರಿಸೋ ಮೊದಲು ತಲೆ ಮೇಲೆ ವೈರ್ ಇದೆಯಾ ಅಂತ ಕತ್ತೆತ್ತಿ ನೋಡಿ. ಜನ ಸೇರಿದಾಗ ಯಾರೂ ಮೇಲೆ ನೋಡಲ್ಲ.

ಲೇತ್‌ಮನೆ
ಇದು ನನಗೂ ಹೊಳೆದಿರಲಿಲ್ಲ. ಯಂತ್ರ ಚಾಲೂ ಮಾಡಿ ತೋರಿಸೋ ಮಳಿಗೆಗೆಲ್ಲಾ ಒಂದೇ ನಿಯಮ ಬೇಕು: ಓಡಿಸೋನು ಬೇರೆ, ಮಾತಾಡೋನು ಬೇರೆ. ಮೇವು ಕತ್ತರಿಸೋ ಯಂತ್ರದ ಹತ್ತಿರ ಒಬ್ಬನೇ ಎರಡೂ ಮಾಡಿದ್ರೆ ಮಕ್ಕಳು ಬೆಲ್ಟ್ ಹತ್ತಿರ ಕೈ ಹಾಕೋದು ಕಾಣೋದೇ ಇಲ್ಲ. ಬೆಲ್ಟ್‌ಗೆ ಗಾರ್ಡ್ ಹಾಕಿಯೇ ತೋರಿಸಿ. "ಒಳಗೆ ಕಾಣಲಿ" ಅಂತ ಬಿಚ್ಚಿಡಬೇಡಿ.

ಕಡತಕಟ್ಟು
ಸ್ಪ್ರೇಯರ್ ಡೆಮೊಗೆ ಬರೀ ನೀರು. ಔಷಧಿ ಡಬ್ಬ ಮಳಿಗೆಯಲ್ಲಿ ಇರಲೇಬಾರದು. ಕೀಟನಾಶಕ ಮಾರೋಕೆ 1968ರ ಕೀಟನಾಶಕ ಕಾಯ್ದೆಯಡಿ ಪರವಾನಗಿ ಬೇಕು, ಅದರಲ್ಲಿ ಜಾಗದ ವಿಳಾಸವೂ ಇರುತ್ತೆ. ಊರಿನ ಅಂಗಡಿ ಲೈಸೆನ್ಸ್ ಹಿಡ್ಕೊಂಡು ಇಲ್ಲಿ ಮಾರೋ ಹಾಗಿಲ್ಲ.
ಆದ್ರೆ ರೈತರು ಡಬ್ಬದ ತ್ರಿಕೋನದ ಬಣ್ಣ ಕೇಳಬಹುದು, ಗೊತ್ತಿರಲಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದ್ರೆ ವಿಷವೇ ಇಲ್ಲ ಅಂತಲ್ಲ. ಕೈಗವಸು, ಮುಖಗವಸು ಪಕ್ಕದಲ್ಲೇ ನೇತುಹಾಕಿ, ಡೆಮೊ ಮಾಡೋನು ಬರೀ ನೀರು ಹೊಡೆಯುವಾಗಲೂ ಹಾಕ್ಕೊಂಡೇ ಹೊಡೀಲಿ. ನೋಡಿದೋರಿಗೆ ಅದೇ ಕ್ರಮ ಅಂತ ತಲೆಗೆ ಹೋಗುತ್ತೆ.

ಹನಿಸಾಲು
ಹಳೇ ಗ್ರಾಹಕರು ದೂರು ಹೊತ್ತು ಬಂದ್ರೆ ಏನು ಮಾಡೋದು? ನಾಲ್ಕು ಜನ ಹೊಸಬರು ನಿಂತಿರುವಾಗ ಜೋರು ಮಾಡಿದ್ರೆ ಹುಡುಗರು ಗಾಬರಿ ಆಗ್ತಾರೆ.

ನೀರಿನತೂಬು
ಅದೇ ನಿಜವಾದ ಪರೀಕ್ಷೆ. ಮೊದಲು ಕುರ್ಚಿ, ನೀರು. "ನಮ್ಮ ಪೈಪ್ ಹಂಗೆ ಆಗಲ್ವಲ್ಲ" ಅನ್ನೋ ಮಾತು ಬಾಯಿಂದ ಬರಬಾರದು. ಪಕ್ಕಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಳಿಗೆ ಹಿಂದಕ್ಕೆ ತಳ್ಳಿದ್ರೆ ಇನ್ನೂ ಸಿಟ್ಟು ಬರುತ್ತೆ. ಅಲ್ಲೇ, ಎಲ್ಲರಿಗೂ ಕೇಳೋ ಹಾಗೆ, ಪುಸ್ತಕ ತೆಗೆದು ಬರ್ಕೊಳ್ಳಿ. ಹೊಸಬರು ನೋಡ್ತಾ ಇರೋದೂ ಅದನ್ನೇ, ನಾಳೆ ನನಗೂ ಹೀಗಾದ್ರೆ ಇವರು ಏನು ಮಾಡ್ತಾರೆ ಅಂತ.

ಡ್ರಿಪ್ಪರ್ ಕಟ್ಟಿದೆ ಅಂದ್ರೆ ಕೇಳಬೇಕಾದ್ದು: ಯಾವ ತಿಂಗಳು ಹಾಕಿಸಿದ್ದು, ಯಾವ ಡೀಲರ್, ನೀರು ಬೋರಿಂದಾ ಕೆರೆದಾ, ಫಿಲ್ಟರ್ ಎಷ್ಟು ದಿನಕ್ಕೆ ತೊಳೀತಾರೆ, ಸಾಲಿನ ಕೊನೇ ಎಂಡ್ ಕ್ಯಾಪ್ ಬಿಚ್ಚಿ ನೀರು ಬಿಡ್ತಾರಾ. ಕಟ್ಟಿದ್ದು ಬಿಳಿ ಪೊರೆನಾ, ಹಸಿರು ಲೋಳೆನಾ, ಮರಳಾ? ಬಿಳಿ ಅಂದ್ರೆ ನೀರಿನ ಉಪ್ಪು, ಆಸಿಡ್ ಉಪಚಾರ ಬೇಕು. ಲೋಳೆ ಅಂದ್ರೆ ಪಾಚಿ, ಕ್ಲೋರಿನ್. ಮರಳು ಅಂದ್ರೆ ಫಿಲ್ಟರ್‌ದೇ ತಪ್ಪು, ಹೈಡ್ರೋಸೈಕ್ಲೋನ್ (ನೀರಿಂದ ಮರಳು ಬೇರೆ ಮಾಡೋ ಸಾಧನ) ಇಲ್ಲದೇ ಇರಬಹುದು. ಫಿಲ್ಟರ್‌ನ ಮುಂದೆ ಹಿಂದೆ ಗೇಜ್ ಇದ್ರೆ ಎರಡರ ನಡುವೆ ಅರ್ಧ ಕೆಜಿ ಒತ್ತಡ ವ್ಯತ್ಯಾಸ ಬಂದಾಗ ತೊಳೀಬೇಕು ಅಂತ ಅಲ್ಲೇ ಇಟ್ಟಿರೋ ಫಿಲ್ಟರ್ ಬಿಚ್ಚಿ ತೋರಿಸಿ. ಡಿಸ್ಕ್‌ಗಳನ್ನ ಸಡಿಲ ಮಾಡಿ ಒಂದೊಂದಾಗಿ ತೊಳೆಯೋದು, ಬಿಗಿ ಇದ್ದಂಗೇ ಮೇಲೆ ನೀರು ಹಾಯಿಸೋದಲ್ಲ.

ಆಸಿಡ್ ಪ್ರಮಾಣ ಮಾತ್ರ ಮಳಿಗೆಯಲ್ಲಿ ಬಾಯಿಮಾತಲ್ಲಿ ಹೇಳಬೇಡಿ. ನೀರು ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಅಷ್ಟು ಎಚ್ಚರಿಕೆ ಹೇಳಿ, ತೋಟಕ್ಕೆ ಜನ ಕಳಿಸೋ ತಾರೀಕು ಕೊಡಿ. "ನೋಡೋಣ" ಅಲ್ಲ, ತಾರೀಕು. ಬರೆದ ಹಾಳೆಯ ಒಂದು ಪ್ರತಿ ಅವರಿಗೆ.

ಗುಂಟೆಲೆಕ್ಕ
ಇದಕ್ಕೆ ನಿಮ್ಮ ಫಿಟ್ಟಿಂಗ್ ಹುಡುಗನೇ ಸರಿ. ಅವನ ಬಿಡುವನ್ನ ಬೆಳಿಗ್ಗೆ ಮೊದಲ ಗಂಟೆಗೆ ಹಾಕಿ, 11ರಿಂದ 3 ಅವನು ಮಳಿಗೆ ಬಿಡಬಾರದು. ಊರಿಂದ ಬಸ್‌ಗಳು ಬಂದು ಸೇರೋ ಹೊತ್ತು ಅದು.

ರಾಗಿಹೊಲ
ಊಟದ ಮಾತು ಬಂತು ಅಂತ ಹೇಳ್ತೀನಿ. ಮಳಿಗೆ ಒಳಗೆ ಊಟ ಬೇಡ. ಹುಳಿ ವಾಸನೆ, ಕೈಯಲ್ಲಿ ಎಂಜಲು, ಆಗಲೇ ಯಾರೋ ಬಂದು ನಂಬರ್ ಬರ್ಕೊಳ್ಳಿ ಅಂತಾರೆ. ಜಿಕೆವಿಕೆಯಲ್ಲಿ ಊಟದ ಸಾಲು ಉದ್ದ ಇರುತ್ತೆ, ಪಾಳಿ ಬಿಟ್ಟು ಹೋದೋರು ಗಂಟೆಯಲ್ಲಿ ಬರಲ್ಲ. ಮೊದಲನೇ ಬ್ಯಾಚ್ 12ಕ್ಕೇ ಕಳಿಸಿ.

ಧಾರವಾಡದಾಂವ
ನಮ್ಮ ಕಡೆ ರೊಟ್ಟಿ ಬುತ್ತಿ ಕಟ್ಕೊಂಡು ಬಂದಾವ್ರು ನಿಮಗೂ ಒಂದು ರೊಟ್ಟಿ ಕೊಡ್ತಾರ. ಬ್ಯಾಡ ಅನಬ್ಯಾಡ್ರಿ. ಹೊರಗ ಹೋಗಿ ತಿನ್ರಿ.

ಬಿಸಿಲುಬೆಟ್ಟ
ವಿಷಯಕ್ಕೆ ಬನ್ನಿ, ನಂಬರ್ ಬರ್ಕೊಳ್ಳೋದನ್ನ ಯಾರೂ ಹೇಳಿಲ್ಲ.

ಕಡತಕಟ್ಟು
ಒಬ್ಬರಿಗೆ ಒಂದು ಸಾಲು ಸಾಲಲ್ಲ, ಒಬ್ಬರಿಗೆ ಒಂದು ಚೀಟಿ. ಹೆಸರು, ಊರು, ಹೋಬಳಿ, ತಾಲ್ಲೂಕು, ನಂಬರ್, ಬೆಳೆ, ಎಕರೆ, ಡ್ರಮ್ ಲೆಕ್ಕದ ನೀರು, ಯಾವಾಗ ಬೇಕು. ಕೆಳಗೆ ಮಾತಾಡಿದೋನ ಹೆಸರು. ಹೋಬಳಿ ಬರೆಯೋದು ಮರೀಬೇಡಿ. ಒಂದೇ ಹೆಸರಿನ ಊರು ತಾಲ್ಲೂಕಿಗೊಂದು ಇರ್ತವೆ, ಆಮೇಲೆ ಯಾವ ಡೀಲರ್‌ಗೆ ಕಳಿಸೋದು ಅಂತ ತಿಳಿಯಲ್ಲ.

ಹತ್ತು ಅಂಕಿ ಬರೆದ ಮೇಲೆ ಓದಿ ಹೇಳಿ, ಅಲ್ಲೇ ಒಂದು ಮಿಸ್ಡ್ ಕಾಲ್ ಕೊಡಿ. ಗದ್ದಲದಲ್ಲಿ ಆರು, ಏಳು ಅಡ್ಡ ಆಗೋದು ಸಾಮಾನ್ಯ. ಮಿಸ್ಡ್ ಕಾಲ್ ಕೊಟ್ರೆ ನಿಮ್ಮ ನಂಬರೂ ಅವರ ಫೋನಲ್ಲಿ ಉಳಿಯುತ್ತೆ. "ವಾಟ್ಸಾಪ್‌ನಲ್ಲಿ ಬೆಲೆಪಟ್ಟಿ ಕಳಿಸಬಹುದಾ" ಅಂತ ಕೇಳಿ, ಹೌದು ಅಂದ್ರೆ ಮಾತ್ರ ಗುರುತು ಹಾಕಿ. ಕೇಳದೆ ಗುಂಪಿಗೆ ಸೇರಿಸಬೇಡಿ. 2023ರಲ್ಲಿ ಬಂದ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಇದು: ಯಾವ ಕೆಲಸಕ್ಕೆ ಅಂತ ಹೇಳಿ ಇಸ್ಕೊಂಡ್ರೋ ಅದಕ್ಕೆ ಮಾತ್ರ ಬಳಸಬೇಕು.

ಚೀಟಿ ಮೂಲೆಯಲ್ಲಿ ಸಂಜೆ ಗುರುತು ಹಾಕಿ: ಈ ತಿಂಗಳೇ ಬೇಕು, ಮುಂದಿನ ಬೆಳೆಗೆ, ಸುಮ್ಮನೆ ವಿಚಾರಿಸಿದ್ರು. ಮೊದಲನೇ ಗುಂಪಿಗೆ ಮೇಳ ಮುಗಿದ ಮೂರು ದಿನದೊಳಗೆ ಫೋನ್ ಹೋಗಬೇಕು, ಮಾತಾಡಿದ ಅದೇ ಹುಡುಗನಿಂದ.

ಲೇತ್‌ಮನೆ
ಆಯಾ ದಿನ ರಾತ್ರಿಯೇ ಚೀಟಿಗಳ ಫೋಟೋ ತೆಗೆದಿಡಿ. ಗುರುತು ಹಾಕೋದನ್ನ ನಾಲ್ಕನೇ ದಿನಕ್ಕೆ ಬಿಟ್ರೆ ಯಾರು ಏನು ಕೇಳಿದ್ರು ಅಂತ ನೆನಪಿರಲ್ಲ.

ಹನಿಸಾಲು
ಎಲ್ಲರಿಗೂ ಧನ್ಯವಾದ. ಪ್ರಿಂಟ್ ತೆಗೆದು ಹುಡುಗರಿಗೆ ಓದಿಸ್ತೀನಿ. ಇನ್ನೊಂದೇ ಪ್ರಶ್ನೆ. ಕೊನೇ ದಿನ ಡೆಮೊಗೆ ಇಟ್ಟ ಸ್ಪ್ರೇಯರ್‌ನ ಕಮ್ಮಿ ಬೆಲೆಗೆ ಕೇಳ್ತಾರಂತೆ. ಕೊಡಬಹುದಾ?

ಅಡಿಕೆತೋಟ
ಕೊಡಿ, ಆದ್ರೆ ಬಿಲ್ಲಲ್ಲಿ "ಡೆಮೊ ಪೀಸ್" ಅಂತ ಬರೆದು, ವಾರಂಟಿ ಇದೆಯೋ ಇಲ್ಲವೋ ಅದೇ ಬಿಲ್ಲಲ್ಲಿ ಬರೆದು ಕೊಡಿ. ನಾಲ್ಕು ದಿನ ಚಾರ್ಜ್ ಮಾಡಿ ಖಾಲಿ ಮಾಡಿದ ಬ್ಯಾಟರಿ ಅದು, ಅದನ್ನೂ ಬಾಯಿಬಿಟ್ಟು ಹೇಳಿ.

ರಾಗಿಹೊಲ
ಮತ್ತೆ ಅದನ್ನ ಸಂಜೆ ಮುಚ್ಚೋ ಹೊತ್ತಿಗೆ ಕೊಡಿ, ಮಧ್ಯಾಹ್ನ 3ಕ್ಕೇ ಅಲ್ಲ. ಕೊನೇ ದಿನ ಊಟ ಆಗ್ತಿದ್ದಂಗೆ ಸುಮಾರು ಮಳಿಗೆಯೋರು ಬ್ಯಾನರ್ ಸುತ್ತೋಕೆ ಶುರು ಮಾಡ್ತಾರೆ. ಪಾವಗಡ, ಚಾಮರಾಜನಗರದ ಕಡೆಯಿಂದ ತಡವಾಗಿ ಬಂದೋರು ಅರ್ಧ ಖಾಲಿ ಮಳಿಗೆ ನೋಡ್ಕೊಂಡು ಹೋಗಬೇಕಾಗುತ್ತೆ. ಲೆಕ್ಕದ ನೋಟ್‌ಬುಕ್ಕು, ಒಂದು ಫಿಲ್ಟರು, ಎರಡು ಕುರ್ಚಿ ಕೊನೇವರೆಗೂ ಇರಲಿ. ಉಳಿದಿದ್ದು ಪ್ಯಾಕ್ ಮಾಡಿ.